ಎರಡು ಕಾರಿನಿಂದಾದ ಒಂದು ಕಾರು

2025ರ ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 10.20ಕ್ಕೆ ಜಹೀರಾಬಾದ್ ಠಾಣೆಗೆ ಬಂದ ದೂರುದಾರಳ ಹೆಸರು ಸೌಂದರ್ಯಾ. ವಯಸ್ಸು 27, ಊರು ರಾಯಿಕೋಡ್ ಹತ್ತಿರ, ಕಸುಬು ಕುರಿ ಸಾಕಣೆ. ಹೆದ್ದಾರಿ ಬದಿಯಲ್ಲಿ ಹಳೆಯ ಕಾರು ಮಾರುವ ಅಂಬರೀಶನಿಂದ ಕೊಂಡ ಸ್ಪೋರ್ಟ್ಸ್ ಕಾರು ಐದನೇ ದಿನಕ್ಕೆ ನಡುವೆ ಬಿರುಕು ಬಿಟ್ಟಿದೆ ಎಂಬುದು ದೂರು.

ಕುರಿ ಮಾರಿ ಸ್ಪೋರ್ಟ್ಸ್ ಕಾರೇ? ಕಾನ್‌ಸ್ಟೆಬಲ್ ದೇವಿದಾಸ ನಗು ನುಂಗಿಕೊಂಡಿದ್ದು ಸಬ್ ಇನ್‌ಸ್ಪೆಕ್ಟರ್ ಶಿವಕಾಂತಾಳ ಕಣ್ಣಿಗೆ ಬಿತ್ತು. ಸೌಂದರ್ಯಾಳೂ ನೋಡಿಬಿಟ್ಟಳು.

"ನಗ್ರಿ, ನಗ್ರಿ. ಮ್ಯಾಲಿನ ಟಾಪು ತೆರೆಯೋ ಕೆಂಪು ಕಾರು ಅದ. ಮದುಮಗನ ಮೆರವಣಿಗಿಗಿ ಬಾಡಿಗಿ ಬಿಡಾಕ ತಗೊಂಡೀನಿ. ನಾರಾಯಣಖೇಡ್ ತನಕ ಅಂಥಾದು ಒಂದೂ ಇಲ್ಲ."

"ಏನೇನು ನೋಡಿ ತಗೊಂಡಿ?" ಶಿವಕಾಂತಾ ಕೇಳಿದಳು.

"ಓಡ್ಸಿ ನೋಡೀನ್ರಿ. ಕಾಗದ ನೋಡೀನಿ."

"ಚಾಸಿ ನಂಬರು?"

"ಕಾಗದದಾಗ ಇತ್ತು."

"ಗಾಡಿ ಮ್ಯಾಲೆ?"

ಸೌಂದರ್ಯಾ ಕೈಯಲ್ಲಿದ್ದ ಕಾಗದವನ್ನು ಮತ್ತೆ ಬಿಚ್ಚಿ ನೋಡಿದಳು.

"ಕುರಿ ತಗೊಳ್ಳುವಾಗ ಏನು ನೋಡ್ತಿ?"

"ಬಾಯಿ ತೆರೆದು ಹಲ್ಲು ನೋಡ್ತೀವ್ರಿ."

"ಮತ್ತ ಇದರ ಬಾಯಿ ಯಾಕ ತೆರೀಲಿಲ್ಲ?"

ಸೌಂದರ್ಯಾ ಕುರ್ಚಿಯ ಅಂಚಿಗೆ ಬಂದಳು. "ನಾ ನೋಡಲಿಲ್ಲ ಅಂದ್ರ ಅವ ಮೋಸ ಮಾಡಬೌದೇನ್ರಿ? ಸುಮ್ನ ವಾಪಸ್ ಕೊಡು, ಬ್ಯಾರೆ ಗಾಡಿ ಒಯ್ಯಿ ಅಂತಾನ. ಕೊಡಂಗಿಲ್ಲ ನಾ. ನಾಳಿ ಇದನ್ನೇ ಇನ್ನೊಬ್ರಿಗಿ ಮಾರ್ತಾನ. ಇದರಾಗ ಮದುಮಕ್ಕಳು ಕೂಡ್ತಾರ್ರಿ! ಎಫ್‌ಐಆರ್ ಮಾಡ್ರಿ, ಇಲ್ಲಾಂದ್ರ ಇಲ್ಲಿಂದ ಏಳಂಗಿಲ್ಲ."

ಶಿವಕಾಂತಾಳಿಗೆ ಹುಡುಗಿ ಹಿಡಿಸಿದಳು. 11.05ಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 2.30ಕ್ಕೆ ಇಬ್ಬರು ಪಂಚರ ಎದುರು ಠಾಣೆಯ ಅಂಗಳಕ್ಕೆ ತರಿಸಿದ ಕಾರಿನ ಪಂಚನಾಮೆ. ಮುಂದಿನ ಗಾಜಿನ ಮೇಲೆ ತಯಾರಾದ ವರ್ಷ 2019 ಎಂಬ ಗುರುತು, ಬಾಗಿಲ ಗಾಜಿನ ಮೇಲೆ 2016. ಬಾನೆಟ್‌ನ ಬೋಲ್ಟುಗಳ ಬಣ್ಣ ಎದ್ದಿತ್ತು, ಎಂದರೆ ಯಾರೋ ಬಿಚ್ಚಿ ಮತ್ತೆ ಹಾಕಿದ್ದರು. ಚಾಸಿ ನಂಬರನ್ನು ಉಜ್ಜಿ ಹೊಸದಾಗಿ ಕೊರೆದಿದ್ದರು. ಕಾಲ ಕೆಳಗಿನ ಹಾಸನ್ನು ಕಿತ್ತಾಗ ಈ ತುದಿಯಿಂದ ಆ ತುದಿಗೆ ವೆಲ್ಡಿಂಗ್ ಗೆರೆ ಕಂಡಿತು. ಅಪಘಾತದಲ್ಲಿ ನಜ್ಜುಗುಜ್ಜಾದ ಎರಡು ಕಾರುಗಳಲ್ಲಿ ಒಂದರ ಮುಂಭಾಗಕ್ಕೆ ಇನ್ನೊಂದರ ಹಿಂಭಾಗ ಕೂಡಿಸಿದ್ದರು. ಇದನ್ನೆಲ್ಲ ಕೊಳ್ಳುವ ಮೊದಲು ಹತ್ತು ನಿಮಿಷದಲ್ಲಿ ನೋಡಬಹುದಿತ್ತು. ಹೊಳೆಯುವ ಕೆಂಪು ಬಣ್ಣದ ಎದುರು ನಿಂತವರಿಗೆ ಅದು ಹೊಳೆಯುವುದಿಲ್ಲ, ಅಷ್ಟೆ.

ಠಾಣೆಗೆ ಕರೆಸಿದ್ದ ಅಂಬರೀಶನದು ಒಂದೇ ಮಾತು: "ಹರಾಜಿನಾಗ ತಂದೀನ್ರಿ, ಒಳಗಿಂದು ನನಗೇನು ಗೊತ್ತು?"

ಆಗ ಬಗ್ಗಿ ನೋಡುತ್ತಿದ್ದ ಸೌಂದರ್ಯಾ ವೆಲ್ಡಿಂಗ್ ಪಕ್ಕದ ತಗಡಿನಂಚಿಗೆ ಬೆರಳಿಟ್ಟಳು. ಎರಡು ಸೀಳು, ನಡುವೆ ಒಂದು ತೂತು.

"ಮೇಡಮ್, ಇದು ಕಿವಿ ಗುರುತ್ರಿ. ಸಂತ್ಯಾಗ ಹಿಂಡು ಕೂಡಿದ್ರ ತಿಳೀಲಿ ಅಂತ ಒಂದೊಂದು ಮನಿಯವ್ರು ಕುರಿ ಕಿವಿಗಿ ಒಂದೊಂದು ಥರ ಕೊಯ್ತಾರ. ಇದು ತಾಂಡೂರ ಕಲ್ಯಾಣಪ್ಪನ ಮನಿದು."

ಫೆಬ್ರವರಿ 12, ಬೆಳಿಗ್ಗೆ 9.40, ತಾಂಡೂರು. ಸ್ಥಳೀಯ ಠಾಣೆಗೆ ತಿಳಿಸಿ ಶಿವಕಾಂತಾ ದೇವಿದಾಸನೊಂದಿಗೆ ಆ ಮನೆಯ ಮುಂದೆ ನಿಂತಳು. ಮುದುಕ ಕಲ್ಯಾಣಪ್ಪ ಫೋಟೊ ನೋಡಿ ಹಿಗ್ಗಿದ.

"ನಮ್ಮ ಗುರುತೇ! ಕಬ್ಬಿಣಕ್ಕ ಯಾರು ಹಾಕ್ಯಾರ? ನಮ್ಮ ಮೊಮ್ಮಗ ನರೇಶ ಇರಬೇಕು. ಹಿತ್ತಲದಾಗ ವೆಲ್ಡಿಂಗ್ ಮಾಡ್ತಾನ್ರಿ."

ಹಿತ್ತಲ ಶೆಡ್ಡಿನಲ್ಲಿ ಎರಡು ಅರ್ಧ ಕಾರುಗಳು ಗೋಡೆಗೆ ಒರಗಿದ್ದವು. ನರೇಶ ಓಡಲಿಲ್ಲ. ಕನ್ನಡಕವನ್ನು ಹಣೆಗೇರಿಸಿ ನಿಂತ.

"ಅಂಬರೀಶನ ಕಾರು ನೀ ಮಾಡಿದ್ದೇನು?"

"ಹೌದ್ರಿ. ಅವನೇ ಗಾಡಿ ತಂದು ಹಾಕ್ತಾನ, ಅವನೇ ಒಯ್ತಾನ."

"ಗುರುತು ಯಾಕ ಹಾಕಿದಿ?"

"ಕಂಪನಿಯವ್ರು ತಮ್ಮ ಹೆಸರು ಹಾಕ್ತಾರ. ಅಂಬರೀಶ ತನ್ನ ಬೋರ್ಡು ಹಾಕ್ತಾನ. ಒಂಬತ್ತು ವರ್ಷ ಬೆಂಕಿ ಮುಂದ ಕುಂತವ ನಾ. ನಾ ಹಾಕಬಾರದೇನ್ರಿ? ಗುಜರಿಗಿ ಹೋಗೋ ಗಾಡಿ ಓಡ್ಸೀನಿ. ಯಾರರ ಮಾಡಿ ತೋರಸ್ರಿ ನೋಡಮು."

ಅಂಥ ಕೈಯ ಮೇಲೆ ಶಿವಕಾಂತಾಳಿಗೆ ಗೌರವ ಬಂತು. ಅದಕ್ಕೇ ಸಿಟ್ಟೂ ಬಂತು. ಮನೆ ಗೋಡೆಯ ಮೇಲೆ ಬರೆದ ಮದುವೆಯ ಹೆಸರುಗಳು ಇನ್ನೂ ಮಾಸಿರಲಿಲ್ಲ.

"ಭಾಗ್ಯ ಯಾರು?"

"ತಂಗಿ. ಸಂಕ್ರಾಂತಿ ಆದಮ್ಯಾಲೆ ಮದ್ವಿ ಆತು."

"ಆಗ ಈ ಕಾರು ಎಲ್ಲಿತ್ತು?"

"ಇಲ್ಲೇ."

"ಮದುಮಗ ಯಾತರಾಗ ಬಂದ?"

"ಜೀಪಿನಾಗ."

"ಯಾಕ?"

ನರೇಶ ಹಣೆಯ ಮೇಲಿನ ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. "ತಂಗಿ ಕೇಳಿದ್ಲ್ರಿ. ನಾ ಕೊಡಲಿಲ್ಲ."

12.15ಕ್ಕೆ ದಸ್ತಗಿರಿ. ಅಂಬರೀಶನನ್ನು ಹಿಡಿಯಲು ಜಹೀರಾಬಾದಿಗೆ ಸೂಚನೆ ಹೋಯಿತು. ಕಾರಣವೆಂದು ದುಡ್ಡಿನಾಸೆ ಬರೆಯಲು ಹೊರಟ ದೇವಿದಾಸನನ್ನು ಶಿವಕಾಂತಾ ತಡೆದಳು. ತಾನು ಮಾಡಿದ ಕೆಲಸದ ಮೇಲೆ ತನ್ನ ಗುರುತು ಎಲ್ಲಾದರೂ ಇರಲಿ ಎಂಬ ಹಟ ಇವನನ್ನು ಇಲ್ಲಿಗೆ ತಂದಿತ್ತು. ಅದನ್ನೇ ಬರೆಸಿದಳು.

"ಇಂಥವು ಇನ್ನ ಎಷ್ಟು?"

"ಮೂರು." ರಿಪೇರಿಗೆ ಅವನಲ್ಲಿಗೇ ಬರುತ್ತಿದ್ದ ಮಾಲೀಕರ ಫೋನ್ ನಂಬರುಗಳನ್ನು ನರೇಶ ಕೊಟ್ಟ. ಇಬ್ಬರು ಮಾಲೀಕರು ಗಾಡಿ ಮನೆಯಲ್ಲೇ ಇದೆ ಎಂದರು. ಮೂರನೆಯವನು ಫೋನೆತ್ತಿದಾಗ ಬ್ಯಾಂಡಿನ ಸದ್ದಿನಲ್ಲಿ ದೇವಿದಾಸನ ಮಾತು ಅವನಿಗೆ ಕೇಳಿಸಲೇ ಇಲ್ಲ.

ಬೇಡಿ ಹಾಕಿದ ಕೈಗಳಿಂದಲೇ ನರೇಶ ಫೋನು ಕಸಿದುಕೊಂಡ.

"ಮದುಮಗನ್ನ ಕೆಳಗ ಇಳಸ್ರಿ!" ಎಂದು ಕಿರುಚಿದ. "ನಾ ನರೇಶ. ಅದು ನಾ ಮಾಡಿದ ಗಾಡಿ, ಇಳಸ್ರಿ ಅವನ್ನ!"

ಬ್ಯಾಂಡು ನಿಲ್ಲುವವರೆಗೂ ಅವನು ಫೋನು ಕೊಡಲಿಲ್ಲ. ಯಾರೂ ಅವನಿಂದ ಕಸಿಯಲೂ ಇಲ್ಲ.