ಉಬ್ಬದೇ ಉಳಿದ ಚುಕ್ಕೆ

ಮೇಷ್ಟ್ರ ತುರಿಕೆ ಹನ್ನೆರಡೇ ದಿನಕ್ಕೆ ಅರ್ಧಕ್ಕಿಳಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅವತ್ತೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಅವತ್ತು ನಾನು ನಾಯಿಗಿಂತ ನಾಯಿಯ ಒಡತಿಯನ್ನೇ ಹೆಚ್ಚು ನೋಡುತ್ತಿದ್ದೆ.

ಮೇಷ್ಟ್ರು ಅಂದರೆ ಅವಳ ನಾಯಿ. ಕಂದು ಮೈ, ಕಣ್ಣಿನ ಮೇಲೆ ಎರಡು ಬಿಳಿ ಹುಬ್ಬು, ಯಾರು ಬಾಯಿ ತೆರೆದರೂ ತಪ್ಪು ಹುಡುಕುವಂಥ ನೋಟ. ಆ ಹೆಸರು ತಾನಾಗಿಯೇ ಅಂಟಿಕೊಂಡಿತಂತೆ. ನಾನು ಪ್ರಾಣಿಗಳ ಚರ್ಮದ ಡಾಕ್ಟರು. ಮೊದಲ ದಿನ ಮೇಷ್ಟ್ರ ಪಾದಗಳು ನೆಕ್ಕಿ ನೆಕ್ಕಿ ಕೆಂಪಾಗಿದ್ದವು, ಕಂಕುಳಲ್ಲಿ ಕೂದಲೇ ಇರಲಿಲ್ಲ. ನಾನು ಹಿಂದೆ ಮುಂದೆ ನೋಡದೆ ರೇಗಿಬಿಟ್ಟೆ.

"ಸಿಕ್ಕಿದ್ದೆಲ್ಲ ತಿನ್ನಿಸ್ತೀರಾ, ಸ್ನಾನ ಮರೀತೀರಾ, ಚರ್ಮ ಕಿತ್ತು ಬಂದ ಮೇಲೆ ಡಾಕ್ಟ್ರು ನೆನಪಾಗ್ತಾರೆ."

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಚೀಲದಿಂದ ಒಂದು ದಪ್ಪ ಫೈಲ್ ತೆಗೆದು ಮೇಜಿನ ಮೇಲಿಟ್ಟಳು. ನಾಲ್ಕು ಡಾಕ್ಟರುಗಳ ಚೀಟಿ, ಚಿಗಟದ ಔಷಧದ ತಾರೀಖುಗಳು, ವಾರಕ್ಕೊಂದು ಫೋಟೋ.

"ಬೈಯೋದು ಮುಗೀತಾ ಡಾಕ್ಟ್ರೇ? ಮುಗಿದಿದ್ರೆ ಒಂದು ಮಾತು. ನಿಮ್ಮ ಕನ್ನಡಕ ಎಡಕ್ಕೆ ವಾಲಿದೆ. ಅದಕ್ಕೇ ನಿಮಗೆ ಎಲ್ಲರೂ ಸೊಟ್ಟಗೆ ಕಾಣ್ತಿದ್ದಾರೆ."

ಕೇಳದೆಯೇ ನನ್ನ ಮೂಗಿನ ಮೇಲಿಂದ ಅದನ್ನು ತೆಗೆದಳು. ಕಡ್ಡಿಯನ್ನು ಹೆಬ್ಬೆರಳಿನಿಂದ ಕೊಂಚ ಬಗ್ಗಿಸಿ ಮತ್ತೆ ತೊಡಿಸಿದಳು. ಅವಳದು ಕನ್ನಡಕದ ಅಂಗಡಿ. ದುಂಡು ಮುಖ, ದುಂಡು ಕನ್ನಡಕ, ಕೆನ್ನೆಯ ಮೇಲೆ ಅದರ ಅಂಚು ಒತ್ತಿದ ಗುರುತು. ಆ ಗುರುತಿನ ಹತ್ತಿರ ನನ್ನ ಕಣ್ಣು ಸಿಕ್ಕಿಕೊಂಡಿತು.

ರೇಗಿದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ನಾನು ಅವತ್ತು ಬೇಕಾದ್ದಕ್ಕಿಂತ ಜಾಸ್ತಿ ವಿವರಿಸಿದೆ. ಚರ್ಮ ಅಂದರೆ ಇಟ್ಟಿಗೆ ಗೋಡೆ. ಕೆಲವು ನಾಯಿಗಳಲ್ಲಿ ಹುಟ್ಟಿನಿಂದಲೇ ಇಟ್ಟಿಗೆಗಳ ನಡುವಿನ ಗಾರೆ ಸಡಿಲ. ಧೂಳಿನ ನುಸಿ, ಹುಲ್ಲಿನ ಪರಾಗ ಒಳಗೆ ನುಸುಳುತ್ತವೆ. ಅವುಗಳಿಂದ ಅಪಾಯವೇನಿಲ್ಲ. ಆದರೆ ಒಳಗಿರುವ ಕಾವಲುಗಾರ ಅವುಗಳನ್ನು ಕಳ್ಳರೆಂದುಕೊಂಡು ಗುರುತು ಬರೆದಿಟ್ಟುಕೊಳ್ಳುತ್ತಾನೆ. ಮತ್ತೆ ಅದೇ ಧೂಳು ಬಂದಾಗ ಹಿಸ್ಟಮಿನ್ ಅನ್ನುವ ರಾಸಾಯನಿಕ ಎರಚುತ್ತಾನೆ. ತುರಿಕೆ ಅಲ್ಲಿಂದ. ಕೆಲವು ನಾಯಿಗಳಿಗೆ ತಿನ್ನುವ ಆಹಾರವೇ ಕಳ್ಳನಾಗಿ ಕಾಣುತ್ತದೆ.

"ಹಾಗಾದ್ರೆ ನಾನೂ ಮೇಷ್ಟ್ರೂ ಒಂದೇ ಜಾತಿ," ಅಂದಳು. "ಅವನ ಕಾವಲುಗಾರ ಧೂಳನ್ನ ಕಳ್ಳ ಅಂತಾನೆ. ನನ್ನ ಕಾವಲುಗಾರ ಮನೆ ಯಜಮಾನಿಯನ್ನೇ ಹಿಡಿದು ಹೊಡೀತಾನೆ. ಲೂಪಸ್. ನಾಲ್ಕು ವರ್ಷದಿಂದ ಬೆಳಿಗ್ಗೆ ಎರಡು ಮಾತ್ರೆ ನುಂಗಿದ್ರೆ ಅವನು ತೆಪ್ಪಗಿರ್ತಾನೆ. ಈ ಊದಿದ ಮುಖಾನೂ ಆ ಮಾತ್ರೇದೇ, ನನ್ನದಲ್ಲ."

"ಸ್ಟೀರಾಯ್ಡಾ?"

"ಹೂಂ. ಇವನಿಗೂ ಅದನ್ನೇ ಕೊಡಬಾರದಾ?"

ನನ್ನ ಉತ್ತರ ಇವತ್ತಿಗೂ ನನ್ನ ಕಿವಿಯಲ್ಲಿದೆ. "ಕೊಟ್ಟರೆ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತೆ. ಆದರೆ ಕಾರಣ ಮುಚ್ಚಿಹೋಗುತ್ತೆ. ಮೊದಲು ಕಾರಣ ಹಿಡಿಯೋಣ. ಎಂಟು ವಾರ ನಾನು ಬರೆದುಕೊಟ್ಟ ಆಹಾರ ಬಿಟ್ಟು ಬಾಯಿಗೆ ಒಂದು ಚೂರೂ ಬೇರೆ ಹೋಗಬಾರದು."

"ಎಂಟು ವಾರ ಹೀಗೇ ಕೆರ್ಕೊಳ್ತಾ ಇರಬೇಕಾ?"

"ಸ್ವಲ್ಪ ಸಹಿಸ್ಕೋಬೇಕು."

ಸಹಿಸಿಕೊಳ್ಳಬೇಕಾದದ್ದು ನಾನಲ್ಲವಲ್ಲ, ಸಲೀಸಾಗಿ ಅಂದುಬಿಟ್ಟೆ. ಅವಳು ಮೇಷ್ಟ್ರ ಕೆಂಪು ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ನಾನು ಒಂದು ತುರಿಕೆ ಹಾಳೆ ಕೊಟ್ಟೆ: ದಿನಾ ಬೆಳಿಗ್ಗೆ ತುರಿಕೆಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ, ಪಕ್ಕದಲ್ಲಿ ನಾಯಿ ಎಷ್ಟು ಬಟ್ಟಲು ನೀರು ಕುಡಿಯಿತು ಎಂಬ ಲೆಕ್ಕ.

ಹನ್ನೆರಡನೆಯ ದಿನ ಹಾಳೆಯಲ್ಲಿ ಎಂಟು ಹೋಗಿ ನಾಲ್ಕು ಬಂದಿತ್ತು. "ನೋಡಿದ್ರಾ? ಆಹಾರದ್ದೇ ಅಲರ್ಜಿ!" ಎಂದು ನಾನು ಬೀಗಿದೆ. ಆಹಾರ ಬದಲಿಸಿ ಇಷ್ಟು ಬೇಗ ಗುಣ ಕಾಣುವುದು ಅಪರೂಪ. ಆದರೆ ಅಪರೂಪದ ಡಾಕ್ಟರಿಗೆ ಅಪರೂಪದ್ದೇ ಆಗಬೇಕಲ್ಲ!

ಆಮೇಲೆ ನನಗೆ ಹೊಸ ಕನ್ನಡಕ ಬೇಕಾಯಿತು. ಹಳೆಯದು ಚೆನ್ನಾಗಿಯೇ ಇತ್ತು.

ಅವಳ ಅಂಗಡಿ ಕಿರಿದು, ಗೋಡೆಯ ತುಂಬ ಕನ್ನಡಿ. ಕೌಂಟರಿನ ಕೆಳಗೆ ಮೇಷ್ಟ್ರು. ಅವಳು ಸ್ಕೇಲು ಹಿಡಿದು ನನ್ನ ಎರಡು ಕಣ್ಣಿನ ನಡುವಿನ ಅಂತರ ಅಳೆಯಲು ಬಾಗಿದಳು.

"ನನ್ನ ಮೂಗು ನೋಡಿ."

"ನೋಡ್ತಿದ್ದೀನಿ."

"ಮೂಗು ಅಂದೆ, ಡಾಕ್ಟ್ರೇ. ಕಣ್ಣು ಅಲ್ಲ."

"ಎರಡೂ ಅಕ್ಕಪಕ್ಕದಲ್ಲೇ ಇವೆ, ನಾನೇನು ಮಾಡ್ಲಿ?"

ಅವಳು ನಕ್ಕಾಗ ಕನ್ನಡಕ ಮೂಗಿನ ತುದಿಗೆ ಜಾರಿತು. ಕೆನ್ನೆಯ ಮೇಲಿನ ಗುರುತು ಮಾಸಿತ್ತು, ದುಂಡು ಕರಗಿ ಕೆನ್ನೆಯ ಮೂಳೆ ಮೆಲ್ಲಗೆ ಎದ್ದು ಕಾಣುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ನಿಮ್ಮ ಮುಖ ತುಂಬ ಚೆನ್ನಾಗಿ ಕಾಣ್ತಿದೆ ಇತ್ತೀಚೆಗೆ," ಅಂದೆ.

ಅವಳು ತಟ್ಟನೆ ಗೋಡೆಯ ಕನ್ನಡಿಯ ಕಡೆ ತಿರುಗಿದಳು. ಎಷ್ಟೋ ಕಾಲದ ಮೇಲೆ ಸಿಕ್ಕ ಗೆಳತಿಯನ್ನು ನೋಡುವಂತೆ ತನ್ನನ್ನೇ ನೋಡಿಕೊಂಡಳು. "ಹೌದಾ?" ಎಂದು ಕೇಳಿದ್ದು ಕನ್ನಡಿಯನ್ನೋ ನನ್ನನ್ನೋ ಗೊತ್ತಾಗಲಿಲ್ಲ. ಕನ್ನಡಕ ತೆಗೆದು, ಜಾರದಂತೆ ಕಡ್ಡಿಗಳನ್ನು ಒಳಕ್ಕೆ ಬಗ್ಗಿಸಿಕೊಂಡಳು. ಅದು ಐದನೆಯ ವಾರದ ಕೊನೆ. ಆರನೆಯ ವಾರದಿಂದ ಹಾಳೆಯಲ್ಲಿ ತುರಿಕೆ ಸೊನ್ನೆ.

ಅಲ್ಲಿಂದ ಮುಂದೆ ನಾನು ನೋಡಿದ್ದೆಲ್ಲ ನನಗೆ ಬೇಕಾದ ಹಾಗೆ ಅರ್ಥವಾಯಿತು. ನನ್ನ ಹೊಸ ಕನ್ನಡಕಕ್ಕೆ ತಿರುಪು ಹಾಕುವಾಗ ಅವಳ ಬೆರಳು ನಡುಗಿ ತಿರುಪು ಎರಡು ಸಲ ನೆಲಕ್ಕೆ ಬಿತ್ತು. ನನ್ನನ್ನು ಕಂಡು ನಡುಗಿತು ಎಂದುಕೊಂಡೆ. ಮಾತಿನ ನಡುವೆ ಸ್ಟೂಲು ಹುಡುಕಿ ಕೂರುತ್ತಿದ್ದಳು, ಮುಖ ಬಿಳಿಚಿತ್ತು. ಅವಳ ಜೊತೆ ಇರುವ ಅವಳ ಅಮ್ಮ ಒಂದು ಸಂಜೆ ಅಂಗಡಿಗೆ ಬಂದು, "ಇವಳು ಊಟಾನೇ ಸರಿಯಾಗಿ ಮಾಡ್ತಿಲ್ಲ ಡಾಕ್ಟ್ರೇ. ಎರಡು ತುತ್ತಿಗೆ ಸಾಕು ಅಂತ ಏಳ್ತಾಳೆ. ನೀವು ಹೇಳಿದ್ರೆ ಕೇಳ್ತಾಳೇನೋ," ಎಂದು ತುಟಿಯಂಚಿನಲ್ಲಿ ನಕ್ಕರು. ನಾನು ನಾಚಿಕೊಂಡೆ. ಊಟ ಸೇರದಿರುವುದು, ಕೈ ನಡುಕ, ಬಿಳಿಚಿದ ಮುಖ, ಇದಕ್ಕೆಲ್ಲ ನಾನೇ ಕಾರಣ ಅಂದುಕೊಂಡೆ. ಒಂದು ಲೆಕ್ಕಕ್ಕೆ ಅದು ನಿಜವೂ ಆಗಿತ್ತು. ಅದೇ ನನ್ನನ್ನು ಇನ್ನೂ ಸುಡುವುದು.

ಅತ್ತ ಮೇಷ್ಟ್ರಿಗೆ ಹೊಟ್ಟೆ ಬಂದಿತ್ತು. ಹಾಳೆಯಲ್ಲಿ ನೀರಿನ ಬಟ್ಟಲು ಎರಡರಿಂದ ಐದಕ್ಕೇರಿತ್ತು. ತುರಿಕೆ ನಿಂತು ನೆಮ್ಮದಿಯಾಗಿದೆ, ತಿಂದುಂಡು ಹಾಯಾಗಿದ್ದಾನೆ ಎಂದುಕೊಂಡೆ.

ಎಂಟು ವಾರ ಮುಗಿದ ಮೇಲೆ ಹಳೆಯ ಆಹಾರವನ್ನೇ ಮತ್ತೆ ಕೊಡಿಸಿದೆ. ಆಹಾರದ ಅಲರ್ಜಿಯಾಗಿದ್ದರೆ ತುರಿಕೆ ಮರಳಿ ಬರಬೇಕು. ಬರಲಿಲ್ಲ. ನನ್ನ ಲೆಕ್ಕ ಮೊದಲ ಸಲ ಅಲುಗಾಡಿತು. ಹಾಗಾದರೆ ಧೂಳೋ ಪರಾಗವೋ ಇರಬೇಕು, ಚರ್ಮದ ಟೆಸ್ಟ್ ಮಾಡೋಣ ಎಂದು ಬರಹೇಳಿದೆ. "ಯಾವ ಮಾತ್ರೆಯನ್ನೂ ಕೊಡ್ತಿಲ್ಲ ತಾನೆ?" ಎಂದು ಫೋನಿನಲ್ಲಿ ಕೇಳಿದೆ. ಅವಳು ಮೊದಲು ಟೆಸ್ಟಿನ ತಾರೀಖನ್ನು ಮತ್ತೊಮ್ಮೆ ಕೇಳಿ ಬರೆದುಕೊಂಡಳು.

"ಇಲ್ಲ," ಅಂದಳು.

ಆ ಬೆಳಿಗ್ಗೆ ಅವಳು ಸ್ವೆಟರ್ ಹಾಕಿಕೊಂಡು ಬಂದಳು. ಎರಡು ದಿನದಿಂದ ಸ್ವಲ್ಪ ಜ್ವರ ಅಂದಳು. ಮೇಷ್ಟ್ರಿಗೆ ಮಂಪರಿನ ಇಂಜೆಕ್ಷನ್ ಕೊಟ್ಟು, ಪಕ್ಕೆಯ ಕೂದಲು ಬೋಳಿಸಿ, ಪೆನ್ನಿನಿಂದ ಚುಕ್ಕೆ ಇಟ್ಟು ಸಾಲಾಗಿ ಚುಚ್ಚಿದೆ. ಒಂದೊಂದು ಚುಕ್ಕೆಯಲ್ಲಿ ಒಂದೊಂದು: ಮನೆಯ ಧೂಳಿನ ನುಸಿ, ಹುಲ್ಲು, ಬೂಷ್ಟು. ಕೊನೆಯ ಚುಕ್ಕೆಯಲ್ಲಿ ಬರೀ ಹಿಸ್ಟಮಿನ್. ಅಲರ್ಜಿ ಇರಲಿ, ಇಲ್ಲದಿರಲಿ, ಯಾವ ನಾಯಿಗಾದರೂ ಆ ಕೊನೆಯ ಚುಕ್ಕೆ ಉಬ್ಬಲೇಬೇಕು. ಟೆಸ್ಟ್ ಸರಿಯಾಗಿದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಹದಿನೈದು ನಿಮಿಷ ಕಾಯಬೇಕು. ಆ ಹದಿನೈದು ನಿಮಿಷಕ್ಕಾಗಿ ನಾನು ವಾರವಿಡೀ ಮಾತು ಜೋಡಿಸಿಕೊಂಡಿದ್ದೆ. ಬೆಂಚಿನ ಮೇಲೆ ಅವಳ ಪಕ್ಕ ಕೂತೆ.

"ನಿಮಗೊಂದು ಮಾತು ಹೇಳಬೇಕಿತ್ತು," ಅಂದೆ.

"ನಂಗೂ ಒಂದು ಇದೆ. ನಂದು ಕೇಳಿದ ಮೇಲೆ ನೀವು ನಿಮ್ಮದನ್ನ ಹೇಳಲ್ಲ, ಅದೊಂದೇ ಭಯ."

"ಅಂಥದ್ದೇನು?"

ಅವಳು ಸ್ವೆಟರಿನ ತೋಳನ್ನು ಬೆರಳಿನವರೆಗೆ ಎಳೆದುಕೊಂಡಳು. ಕೈ ಹಿಡಿದುಕೊಂಡೆ, ಮಂಜಿನಷ್ಟು ತಣ್ಣಗಿತ್ತು. ಜ್ವರ ಇರುವವರ ಕೈ ಹೀಗಿರುವುದಿಲ್ಲವಲ್ಲ ಎಂದು ಅನಿಸುವಷ್ಟರಲ್ಲಿ ಅಲಾರಂ ಹೊಡೆಯಿತು.

ನಾನು ಎದ್ದು ಹೋಗಿ ದೀಪ ಓರೆ ಹಿಡಿದು ನೋಡಿದೆ. ಧೂಳಿನ ಚುಕ್ಕೆ ಚಪ್ಪಟೆ. ಹುಲ್ಲು, ಬೂಷ್ಟು, ಎಲ್ಲ ಚಪ್ಪಟೆ. ಕೊನೆಯ ಚುಕ್ಕೆಯ ಮೇಲೆ ಬೆರಳಾಡಿಸಿದೆ. ಅದೂ ಉಬ್ಬಿರಲಿಲ್ಲ.

ಉಬ್ಬಲೇಬೇಕಾದದ್ದು ಉಬ್ಬಲಿಲ್ಲ ಅಂದರೆ ಮೇಷ್ಟ್ರ ಮೈಯಲ್ಲಿ ಕಾವಲುಗಾರನನ್ನು ಯಾರೋ ಮಲಗಿಸಿದ್ದಾರೆ. ವಾರಗಟ್ಟಲೆಯಿಂದ. ಐದು ಬಟ್ಟಲು ನೀರು, ಹೊಟ್ಟೆ, ಸೊನ್ನೆ, ಸ್ಟೀರಾಯ್ಡಿನ ಗುರುತುಗಳೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಆ ಮನೆಯಲ್ಲಿ ಸ್ಟೀರಾಯ್ಡ್ ಇರುವುದು ಒಂದೇ ಡಬ್ಬಿಯಲ್ಲಿ. ನಾಯಿ ತಿಂದಿದೆ ಅಂದರೆ ತಿನ್ನಬೇಕಾದವಳು ತಿಂದಿಲ್ಲ.

ತಿರುಗಿ ನೋಡಿದೆ. ನಾನು ಚೆನ್ನಾಗಿದೆ ಎಂದು ಹೊಗಳಿದ ಆ ಕೆನ್ನೆಯ ಮೂಳೆಗಳು.

"ನಿಮ್ಮ ಮಾತ್ರೆ ಯಾರು ತಿಂತಿದ್ದಾರೆ?"

"ಮೊದಲು ಒಂದೊಂದೇ ಕೊಟ್ಟೆ," ಅಂದಳು. ಧ್ವನಿ ದೂರದಲ್ಲಿತ್ತು. "ಅವನು ಕೆರ್ಕೊಳ್ಳೋದನ್ನ ನೋಡಕ್ಕಾಗ್ತಿರಲಿಲ್ಲ. ನೀವೇ ಹೇಳಿದ್ರಲ್ಲ, ಎರಡು ದಿನಕ್ಕೆ ನಿಲ್ಲುತ್ತೆ ಅಂತ. ಆಮೇಲೆ ಕನ್ನಡೀಲಿ ನನ್ನ ಮುಖ ವಾಪಸ್ ಬರೋಕೆ ಶುರುವಾಯ್ತು. ನೀವೂ ನೋಡಿದ್ರಿ. ಅವತ್ತಿಂದ ಎರಡೂ ಅವನಿಗೇ ಕೊಟ್ಟೆ. ನಾಲ್ಕು ವರ್ಷ ಆಗಿತ್ತು ಡಾಕ್ಟ್ರೇ, ಯಾರಾದ್ರೂ ನನ್ನನ್ನ ಹಾಗೆ ನೋಡಿ..."

ಏಳಲು ಹೋದಳು. ಗೋಡೆ ಹಿಡಿಯಲು ಚಾಚಿದ ಕೈ ಗೋಡೆಗೆ ಮುಟ್ಟಲಿಲ್ಲ.

"ಏಯ್, ಕಣ್ಣು ಬಿಡು! ಇಲ್ಲಿ ನೋಡು, ನನ್ನ ನೋಡು ನೀನು!" ನಾನು ಅವಳನ್ನು ನೀನು ಅಂದದ್ದು ಅದೇ ಮೊದಲು. ಅವಳಿಗೆ ಕೇಳಿಸಲಿಲ್ಲ.

ವರ್ಷಗಟ್ಟಲೆ ಹೊರಗಿನಿಂದ ಮಾತ್ರೆ ಬಂದರೆ ಒಳಗಿನ ಗ್ರಂಥಿ ತನ್ನ ಕೆಲಸವನ್ನೇ ಮರೆಯುತ್ತದೆ. ಮಾತ್ರೆ ನಿಂತಾಗ, ಅದರ ಮೇಲೊಂದು ಜ್ವರ ಬಂದಾಗ, ರಕ್ತದ ಒತ್ತಡ ಪಾತಾಳಕ್ಕೆ ಇಳಿಯುತ್ತದೆ. ನಾಯಿಗಳಲ್ಲಿ ನಾನು ಅದನ್ನು ನೋಡಿದ್ದೆ. ಎಲ್ಲವೂ ಬದುಕಿರಲಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡಾಕ್ಟರಮ್ಮ, "ಎಷ್ಟು ದಿನದಿಂದ ಬಿಟ್ಟಿದ್ದಾರೆ? ಗೊತ್ತಿರೋರು ಯಾರು?" ಎಂದು ಕೇಳಿದರು. ಅವಳ ಅಮ್ಮ ನನ್ನ ಮುಖ ನೋಡಿದರು. ನನ್ನ ಕೈಯಲ್ಲಿ ತುರಿಕೆ ಹಾಳೆ ಇತ್ತು, ಅದನ್ನು ಯಾವಾಗ ಎತ್ತಿಕೊಂಡೆನೋ ತಿಳಿಯದು. ಓದಿದೆ. ಎಂಟು ನಾಲ್ಕಾದ ದಿನದ ಸುತ್ತಮುತ್ತ ಅರ್ಧ ಬಿಟ್ಟಿದ್ದಾಳೆ. ಸೊನ್ನೆ ಶುರುವಾದ ದಿನದಿಂದ ಪೂರ್ತಿ. ಇವತ್ತಿಗೆ ಇಪ್ಪತ್ತೆಂಟು ದಿನ. ಅವಳು ನಾಯಿಯ ಹೆಸರಲ್ಲಿ ಬರೆದಿಟ್ಟದ್ದೆಲ್ಲ ಅವಳದೇ ಕಾಯಿಲೆಯ ಲೆಕ್ಕವಾಗಿತ್ತು.

ಮೂರನೆಯ ದಿನ ಅವಳು ಕಣ್ಣು ಬಿಟ್ಟು ಮಾತಾಡಿದಳು. ಹತ್ತನೆಯ ದಿನದ ಹೊತ್ತಿಗೆ ಮುಖ ಮತ್ತೆ ತುಂಬತೊಡಗಿತ್ತು. ನಾನು ಒಳಗೆ ಬಂದ ತಕ್ಷಣ ಗೋಡೆಯ ಕಡೆ ತಿರುಗಿದಳು.

"ನೋಡಬೇಡಿ."

ಬಿಗಿ ಮಾಡಿಕೊಂಡಿದ್ದ ಕನ್ನಡಕ ಈಗ ಕೆನ್ನೆಯನ್ನು ಕಚ್ಚುತ್ತಿತ್ತು. ನಾನು ಅದನ್ನು ತೆಗೆದೆ. ಅವಳು ಮೊದಲ ದಿನ ಮಾಡಿದಂತೆ ಕಡ್ಡಿಗಳನ್ನು ಹೆಬ್ಬೆರಳಿನಿಂದ ಹೊರಕ್ಕೆ ಬಗ್ಗಿಸಿದೆ.

"ಮುರೀತೀರಾ ನೋಡಿ. ಮೆಲ್ಲಗೆ."

"ಮುರಿದರೆ ಇನ್ನೊಂದು ಮಾಡ್ಕೋ, ಅಂಗಡಿ ನಿಂದೇ ತಾನೆ?" ಅಂದೆ. ಮತ್ತೆ ತೊಡಿಸಿದೆ. "ಅವತ್ತು ಹೇಳಬೇಕು ಅಂದ್ಕೊಂಡಿದ್ದು ಇಷ್ಟೇ. ನಾನು ಮೊದಲ ದಿನವೇ ಬಿದ್ದಿದ್ದೆ. ಈ ಮುಖಕ್ಕೇ, ಈ ಗುರುತಿಗೇ. ನನ್ನದಲ್ಲ ಅಂತ ನೀನು ಬಿಟ್ಟುಕೊಟ್ಟೆಯಲ್ಲ, ಆ ಮುಖಕ್ಕೆ."

ಅವಳು ಅತ್ತಳು. ನಾನೂ. ಹೊರಗೆ ಡಾಕ್ಟರಮ್ಮ ಹೇಳಿದ್ದನ್ನು ನಾನು ಅವಳಿಗೆ ಆಗ ಹೇಳಲಿಲ್ಲ. ಕಾವಲುಗಾರ ಆ ಇಪ್ಪತ್ತೆಂಟು ದಿನದಲ್ಲಿ ಕಿಡ್ನಿಗೆ ಕೈ ಹಾಕಿದ್ದ. ಎಷ್ಟು ಹಾಳಾಗಿದೆ ಅನ್ನುವುದು ತಿಂಗಳುಗಳ ಮೇಲೆ ತಿಳಿಯುತ್ತದಂತೆ.

ಮೇಷ್ಟ್ರ ಮಾತ್ರೆಯನ್ನು ಮೆಲ್ಲಮೆಲ್ಲಗೆ ಇಳಿಸಿ ನಿಲ್ಲಿಸಿದೆ. ತುರಿಕೆ ಮರಳಿತು. ಮತ್ತೆ ಟೆಸ್ಟ್ ಮಾಡಿದಾಗ ಕೊನೆಯ ಚುಕ್ಕೆ ಉಬ್ಬಿತು, ಧೂಳಿನ ನುಸಿಯ ಚುಕ್ಕೆಯೂ ಉಬ್ಬಿತು. ಅದೇ ಧೂಳನ್ನು ಚೂರುಚೂರೇ ಚುಚ್ಚಿ ಕಾವಲುಗಾರನಿಗೆ ಪರಿಚಯ ಮಾಡಿಸುವ ಲಸಿಕೆ ಶುರುಮಾಡಿದೆ. ಗುಣ ಕಾಣಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಮುಲಾಮು, ಸ್ನಾನ.

ಅವಳು ದಿನಾ ಬೆಳಿಗ್ಗೆ ಫೋನ್ ಮಾಡುತ್ತಿದ್ದಳು. ಮಾತ್ರೆ ನುಂಗಿದೆ ಅನ್ನುತ್ತಿದ್ದಳು. ನಾನು ಅವಳ ಮಾತಿಗಿಂತ ಹಿಂದಿನ ಸದ್ದಿಗೆ ಕಿವಿ ಕೊಡುತ್ತಿದ್ದೆ. ಮೇಷ್ಟ್ರು ಪರಪರ ಕೆರೆದುಕೊಳ್ಳುವುದು ಕೇಳಿಸಿದರೆ ಮಾತ್ರೆ ಸರಿಯಾದ ಬಾಯಿಗೆ ಹೋಗಿದೆ ಎಂದು ಉಸಿರು ಬಿಡುತ್ತಿದ್ದೆ. ನಾಯಿಯ ತುರಿಕೆಗೆ ಸಂತೋಷಪಡುವ ಚರ್ಮದ ಡಾಕ್ಟರು ನಾನೊಬ್ಬನೇ ಇರಬೇಕು.

ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ಫೋನಿನ ಹಿಂದೆ ಸದ್ದೇ ಇರಲಿಲ್ಲ.

ಕ್ಲಿನಿಕ್ಕಿನ ಬಾಗಿಲು ತೆರೆದದ್ದು ತೆರೆದ ಹಾಗೇ ಬಿಟ್ಟು ಓಡಿದೆ. ಎರಡು ಬೀದಿ, ಮೂರು ಮಹಡಿ. ಅವಳೇ ಬಾಗಿಲು ತೆಗೆದಳು. ದುಂಡು ಮುಖ, ಕೆನ್ನೆಯ ಮೇಲೆ ಗುರುತು. ಮೇಷ್ಟ್ರು ಬಿಸಿಲಿನಲ್ಲಿ ಅಡ್ಡಾಗಿ ನಿದ್ದೆ ಹೋಗಿದ್ದರು.

"ಲಸಿಕೆ ಕೆಲಸ ಮಾಡ್ತಿದೆ, ಡಾಕ್ಟ್ರೇ. ಅಷ್ಟೇ." ಅಂಗೈ ಬಿಚ್ಚಿದಳು, ಎರಡು ಬಿಳಿ ಮಾತ್ರೆ. "ಇವತ್ತು ನುಂಗದೇ ಸುಳ್ಳು ಹೇಳಿದೆ. ನೀನು ಬರ್ತೀಯಾ ನೋಡೋಣ ಅಂತ." ನನ್ನ ಕಣ್ಣೆದುರೇ ನುಂಗಿ, ನಾಲಿಗೆ ಹೊರಚಾಚಿ ತೋರಿಸಿದಳು. "ದಿನಾ ಹೀಗೆ ಓಡಿ ಬರೋಕಾಗುತ್ತಾ?"

"ಇಲ್ಲ."

"ಹಾಗಾದ್ರೆ ಇಲ್ಲೇ ಇದ್ದುಬಿಡು. ಅಮ್ಮ ಆಗ್ಲೇ ಪಕ್ಕದ ರೂಮು ಖಾಲಿ ಮಾಡಿಸ್ತಿದ್ದಾಳೆ."

ನನಗೆ ನಗು ಬಂತು. ಹೂಂ ಅಂದೆ. ಆಮೇಲೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಡಾಕ್ಟರಮ್ಮ ಹೇಳಿಕೊಟ್ಟಿದ್ದಂತೆ ಪಾದದ ಗಂಟಿನ ಮೇಲೆ ಹೆಬ್ಬೆರಳು ಒತ್ತಿ ಎತ್ತಿದೆ. ಕಿಡ್ನಿ ಸೋತರೆ ನೀರು ತುಂಬಿ ಅಲ್ಲಿ ಗುಂಡಿ ಉಳಿಯುತ್ತದೆ. ಕಿಡ್ನಿಯ ವಿಷಯ ಈಗ ಅವಳಿಗೂ ಗೊತ್ತಿತ್ತು, ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು.

ಗುಂಡಿ ಉಳಿಯಲಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಒತ್ತಿ ನೋಡಬೇಕು.