ಮರೆಬೆಳಕಿನ ಮೈದಾನ

ಸಂಜೆ ಕತ್ತಲಾಗುವ ಹೊತ್ತಿಗೆ ಬಿಳೇಹಕ್ಕಲ ಬಡಾವಣೆಯ ಹೊಸ ಉದ್ಯಾನದಲ್ಲಿ ವಿಜ್ಞಾನಿ ನಸೀಮಾ ಬಾಗವಾನ ಗುಂಡಿ ಒತ್ತಿದರು. ಕಂಬಗಳ ಮೇಲಿನ ದೀಪಗಳು ಹೊತ್ತಿಕೊಂಡವು. ನೋಡಲು ನೆರೆದಿದ್ದ ಬಡಾವಣೆಯ ಜನರಿಗೆ ಮಾತ್ರ ಏನೂ ಕಾಣಲಿಲ್ಲ. ಮೈದಾನ ಮೊದಲಿನಷ್ಟೇ ಕಪ್ಪಗಿತ್ತು. ಆ ಕಪ್ಪಿನೊಳಗಿಂದ ಕಾಲುಗಳು ದಡದಡ ಓಡುವ ಸದ್ದು, "ಖೋ" ಎಂಬ ಕೂಗು, ಸೀಟಿಯ ದನಿ ಕೇಳಿಬಂದವು. ಹುಡುಗ ಹುಡುಗಿಯರು ನಡುಹಗಲಿನಲ್ಲಿ ಆಡುವಂತೆ ಖೋ ಖೋ ಆಡುತ್ತಿದ್ದರು.

ಇದಕ್ಕೆ ನಸೀಮಾ ಇಟ್ಟ ಹೆಸರು ಮರೆಬೆಳಕು. ಈ ದೀಪಗಳು ಚೆಲ್ಲುವುದು ಬರಿಗಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು. ಆಟಗಾರರು ಮೊದಲೇ ಕಣ್ಣಿಗೆ 'ನೋಟಹನಿ' ಹಾಕಿಕೊಂಡಿರುತ್ತಾರೆ. ಅದರೊಳಗಿನ ಅತಿಸೂಕ್ಷ್ಮ ಕಣಗಳು ಅಕ್ಷಿಪಟಕ್ಕೆ ಅಂಟಿಕೊಂಡು, ಕಾಣದ ಕಿರಣವನ್ನು ಕಾಣುವ ಬೆಳಕಾಗಿ ಮಾರ್ಪಡಿಸುತ್ತವೆ. ಆಟ ಮುಗಿಯುವ ಹೊತ್ತಿಗೆ ಕರಗಿಹೋಗುತ್ತವೆ. ಆಡುವವರಿಗೆ ಬೆಳಕು, ಅಕ್ಕಪಕ್ಕದವರಿಗೆ ಕತ್ತಲೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಬಡಾವಣೆಯ ಸಂಘದ ಅಧ್ಯಕ್ಷರು ಭಾಷಣ ಮಾಡಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನಿಜಗುಣಪ್ಪ ಹಂಚಿನಮನಿ.

ತಟ್ಟದೆ ಏನು ಮಾಡಿಯಾರು? ಗೆದ್ದವರು ಅವರೇ ಅಲ್ಲವೇ. ಧಾರವಾಡದ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ಆಯುಷ್ಯವೆಲ್ಲ ಪರರ ವಾದ ಕೇಳಿದ ಮನುಷ್ಯನಿಗೆ, ನಿವೃತ್ತಿಯಾದ ಮೇಲೆ ತಾನೇ ವಾದಿಸುವ ಯೋಗ ಕೂಡಿಬಂದಿತ್ತು. ಉದ್ಯಾನಕ್ಕೆ ಮೊದಲು ಹಾಕಿದ್ದ ದೀಪಗಳ ಬೆಳಕು ನೇರವಾಗಿ ಅವರ ಮನೆಯ ಕಿಟಕಿಗೆ ಬಡಿಯುತ್ತಿತ್ತು. ಆ ಕಿಟಕಿಯ ಪಕ್ಕದಲ್ಲೇ ಲಕ್ವ ಹೊಡೆದು ಎಡಮೈ ಸ್ವಾಧೀನ ತಪ್ಪಿದ ಹೆಂಡತಿ ಕಾಶವ್ವ ಮಲಗಿರುತ್ತಿದ್ದರು. ನಿಜಗುಣಪ್ಪ ಯಾವಾಗ ಇಣುಕಿದರೂ ಆಕೆಯ ಕಣ್ಣು ತೆರೆದೇ ಇರುತ್ತಿತ್ತು. ಬೆಳಕಿನ ಕಾಟಕ್ಕೆ ಪಾಪ ನಿದ್ದೆಯಿಲ್ಲ ಎಂದುಕೊಂಡರು. ಸಭೆ ಕೂಡಿದಾಗಲೆಲ್ಲ ಎದ್ದುನಿಂತರು, ಆಟದ ಹುಡುಗರ ಕೂಡ, ಅವರ ತಂದೆತಾಯಿಗಳ ಕೂಡ ಜಗಳ ಕಾದರು, ಹಾಸಿಗೆ ಹಿಡಿದ ಹೆಂಡತಿಯ ಮಾತು ಎತ್ತಿ ಇಡೀ ಸಭೆಯ ಬಾಯಿ ಮುಚ್ಚಿಸಿದರು. ಕೊನೆಗೆ ನಸೀಮಾ ಕೆಲಸ ಮಾಡುವ ಪ್ರಯೋಗಾಲಯದ ಈ ಹೊಸ ದೀಪಕ್ಕೆ ಎಲ್ಲರೂ ಒಪ್ಪಿದರು. ಆ ಸುದ್ದಿಯನ್ನು ನಿಜಗುಣಪ್ಪ ಪೇಢೆಯ ಪೊಟ್ಟಣದೊಡನೆ ಮನೆಗೆ ತಂದಿದ್ದರು. ಕಾಶವ್ವ ಸಕ್ಕರೆ ಕಾಯಿಲೆಯಿದ್ದರೂ ಒಂದು ಚೂರು ಪೇಢೆ ತಿಂದು, ಛಲೋ ಆತು ಬಿಡ್ರಿ ಎಂದಿದ್ದರು.

ಕೆಲವು ದಿನಗಳಾದ ಮೇಲೆ ನಸೀಮಾ ಬಡಾವಣೆಯ ಜನರನ್ನು ವಿಚಾರಿಸುತ್ತ ಇವರ ಮನೆಗೂ ಬಂದರು. ನಿಜಗುಣಪ್ಪ ಚಹಾಕ್ಕಿಡಲು ಒಳಗೆ ಹೋದರು. ಈಗ ನಿದ್ದೆ ಸರಿಯಾಗಿ ಬರುತ್ತದೆಯೇ ಎಂದು ನಸೀಮಾ ಕೇಳಿದ್ದು ಅವರಿಗೆ ಅಡಿಗೆಮನೆಗೂ ಕೇಳಿಸಿತು.

"ನಿದ್ದಿ ಮೊದಲೂ ಬರ್ತಿತ್ತವ್ವಾ, ಆಟ ಮುಗಿದ ಮ್ಯಾಲೆ," ಎಂದರು ಕಾಶವ್ವ. "ಹಗಲೆಲ್ಲಾ ಸಂಜೀಗೆ ಕಾಯ್ತಿದ್ದೆ. ನನ್ನ ಕಾಲಂತೂ ಹ್ವಾದುವು, ಆ ಹುಡುಗ್ರ ಕಾಲಾರ ಓಡೂದು ನೋಡ್ತಿದ್ದೆ."

"ಮತ್ತ ಕಾಕಾರಿಗೆ ಹೇಳಬೇಕಿಲ್ಲೇನ್ರಿ ಅಮ್ಮಾರ?"

"ನನ್ನ ಸಲವಾಗಿ ಮಂದೀ ಮುಂದ ಅಷ್ಟು ಜಗಳಾಡಿ ಗೆದ್ದು ಬಂದಾರ. ಆಮ್ಯಾಲೆ ಹೆಂಗ ಹೇಳ್ಲಿ? ಅವರಿಗೆ ಹೇಳಬ್ಯಾಡ ನೀನು."

ಒಲೆಯ ಮೇಲೆ ಚಹಾ ಉಕ್ಕಿ ಹರಿಯಿತು. ನಿಜಗುಣಪ್ಪ ನೋಡುತ್ತಲೇ ನಿಂತರು. ಇಡೀ ಬಡಾವಣೆಯನ್ನು ಪಾಟೀಸವಾಲಿಗೆ ಗುರಿಮಾಡಿದ ಮನುಷ್ಯ ಮನೆಯಲ್ಲಿದ್ದ ಒಂದೇ ಒಂದು ಸಾಕ್ಷಿಯನ್ನು ಕೇಳಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಸೀಮಾರನ್ನು ಗೇಟಿನವರೆಗೆ ಕಳಿಸಲು ಹೋದಾಗ, ಹೆಂಡತಿಗೂ ನೋಟಹನಿ ಹಾಕಬಹುದೇ ಎಂದು ಕೇಳಿದರು. ಆಗದು ಎಂದು ನಸೀಮಾ ತಲೆ ತಗ್ಗಿಸಿದರು. ಸಕ್ಕರೆ ಕಾಯಿಲೆಯಿಂದ ಕಾಶವ್ವನ ಅಕ್ಷಿಪಟ ಆಗಲೇ ಅರ್ಧ ಹಾಳಾಗಿತ್ತು. ಹನಿ ಬಿದ್ದರೆ ಉಳಿದಷ್ಟು ದೃಷ್ಟಿಯೂ ಹೋಗುವ ಭಯವಿತ್ತು. ನಿಜಗುಣಪ್ಪ ಮಾನ ಬಿಟ್ಟು ಮತ್ತೆ ಸಭೆಗೆ ಹೋಗಿ, ಹಳೆಯ ದೀಪಗಳನ್ನೇ ಹಾಕಿರೆಂದು ಕೈಮುಗಿದು ಕೇಳಿಕೊಂಡರು. "ನಿಮ್ಮ ಮನಿಯವರ ನಿದ್ದಿ ಸಲವಾಗೇ ಮಾಡಿದ್ದಲ್ರಿ ಇದು?" ಎಂದರು ಅಧ್ಯಕ್ಷರು. ನಿಜಗುಣಪ್ಪ ನಿಜ ಹೇಳದೆ ಬರಿಗೈಯಲ್ಲಿ ಮನೆಗೆ ಮರಳಿದರು. ಹೇಳಿದ್ದರೆ ಕಾಶವ್ವ ಮುಚ್ಚಿಟ್ಟದ್ದು ಊರಿಗೆಲ್ಲ ತಿಳಿಯುತ್ತಿತ್ತು.

ಮರುದಿನ ಅವರು ನಸೀಮಾರಿಂದ ನೋಟಹನಿ ಪಡೆದು ತಮ್ಮ ಕಣ್ಣಿಗೇ ಹಾಕಿಕೊಂಡು ಕಿಟಕಿಯ ಬಳಿ ಕುರ್ಚಿ ಎಳೆದು ಕೂತರು. ಹೊತ್ತು ಹೋಗುವುದಿಲ್ಲ, ಆಟ ನೋಡುತ್ತೇನೆ, ಬೇಕಾದರೆ ನೀನೂ ಕೇಳು ಎಂದರು. ಕಂಡದ್ದನ್ನು ಕಂಡಂತೆ ಹೇಳತೊಡಗಿದರು. ಆಟದ ಗಂಧಗಾಳಿ ಇಲ್ಲದವರು. ಓಡಿಸುವವರು ಯಾರು, ತಪ್ಪಿಸಿಕೊಳ್ಳುವವರು ಯಾರು ಎಂಬುದೇ ಗೊತ್ತಾಗದೆ ತಡವರಿಸಿದರು. ಕಾಶವ್ವ ನಕ್ಕು ತಿದ್ದಿದರು. ಆಟಗಾರರ ಅಂಗಿಯ ಬಣ್ಣ ಬಿಟ್ಟು ಪಾದ ನೋಡಬೇಕೆಂದು ಕಲಿಸಿದರು. ಮದುವೆಯಾದಂದಿನಿಂದ ಇಬ್ಬರೂ ಅಷ್ಟು ಮಾತಾಡಿದ್ದೇ ಇಲ್ಲ. ಆ ಸಂಜೆಗಳಲ್ಲಿ ಅವರಿಬ್ಬರೂ ಸುಖವಾಗಿದ್ದರು ಎಂದೇ ಹೇಳಬೇಕು.

ಆದರೆ ಮೈದಾನದಲ್ಲಿ ಆಟಗಾರರು ಕಡಿಮೆಯಾಗುತ್ತ ಬಂದರು. ಬಾಲ್ಕನಿಯಿಂದ ಮಗಳು ಕಾಣಿಸುವುದಿಲ್ಲವೆಂದು ತಾಯಂದಿರು ಬೇಗ ಮನೆಗೆ ಕರೆದರು. ಕಟ್ಟೆಯ ಮೇಲೆ ಕೂತು ಶಿಳ್ಳೆ ಹೊಡೆಯುತ್ತಿದ್ದವರು ಕತ್ತಲೆಯನ್ನು ನೋಡುವುದೇನೆಂದು ಬರುವುದನ್ನೇ ಬಿಟ್ಟರು. ಯಾರೂ ನೋಡದ ಆಟವನ್ನು ಎಷ್ಟು ದಿನ ಆಡಿಯಾರು? ನಸೀಮಾ ಬಂದು ಎಲ್ಲವನ್ನೂ ಮತ್ತೆ ಅಳೆದರು, ಒಂದೂ ದೋಷ ಸಿಗಲಿಲ್ಲ. "ದೀಪ, ಹನಿ, ಕಣ್ಣು ಎಲ್ಲಾ ಪರೀಕ್ಷಾ ಮಾಡಿದ್ವಿ ಕಾಕಾರ," ಎಂದು ನಿಜಗುಣಪ್ಪನವರೆದುರು ನಿಟ್ಟುಸಿರಿಟ್ಟರು. "ನೋಡೋರ್ನ ಲೆಕ್ಕಕ್ಕ ಹಿಡೀಲೇ ಇಲ್ಲ."

ಒಂದು ಸಂಜೆ ನಿಜಗುಣಪ್ಪ ಹನಿ ಹಾಕಿಕೊಂಡು ಕೂತು ನೋಡಿದರೆ ಮೈದಾನ ಹಗಲಿನಂತೆ ಬೆಳಗುತ್ತಿತ್ತು. ಒಂದು ನರಪಿಳ್ಳೆಯೂ ಇರಲಿಲ್ಲ.

"ಚಾಲೂ ಆತೇನ್ರಿ?" ಕಾಶವ್ವ ಕೇಳಿದರು.

"ಹೂಂ, ಆತು," ಎಂದರು ಅವರು. ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅಷ್ಟೇ. ಒಮ್ಮೆ ಹೇಳಿದ ಮೇಲೆ ಮುಂದುವರಿಸದೆ ಗತಿಯಿಲ್ಲ. ಖಾಲಿ ಮೈದಾನದಲ್ಲಿ ಎರಡು ತಂಡ ಇಳಿಸಿದರು, ಮೂವರನ್ನು ಔಟ್ ಮಾಡಿಸಿದರು. ಹೊಸ ಹುಡುಗಿಯೊಬ್ಬಾಕಿ ಬಂದಾಳ, ಮೀನಿನಂಗ ನುಣುಚ್ತಾಳ ಎಂದು ಬಣ್ಣಿಸಿದರು. ಹಾಗೆ ಹೇಳುತ್ತಿರುವಾಗಲೇ ಅವರಿಗೆ ಹೊಳೆಯಿತು: ಕಿಟಕಿ ತೆರೆದಿತ್ತು. ಹೊರಗಿನಿಂದ ಇಷ್ಟು ಹೊತ್ತೂ ಒಂದು ಸೀಟಿ, ಒಂದು "ಖೋ" ಕೇಳಿರಲಿಲ್ಲ. ಕಾಶವ್ವನ ಕಣ್ಣು ಮಂಜಾಗಿರಬಹುದು, ಕಿವಿ ನೆಟ್ಟಗಿತ್ತು. ಅವರ ಮಾತು ನಡುವೆಯೇ ನಿಂತುಹೋಯಿತು.

ಕಾಶವ್ವ ಕತ್ತಲೆಯ ಕಡೆಗೇ ಮುಖ ಮಾಡಿ ಮಲಗಿದ್ದರು. ಸ್ವಾಧೀನದಲ್ಲಿದ್ದ ಬಲಗೈಯನ್ನು ಮೆಲ್ಲಗೆ ಚಾಚಿ ಗಂಡನ ಮೊಣಕೈ ಮುಟ್ಟಿದರು.

"ಯಾಕ ನಿಂತ್ರಿ?" ಎಂದರು. "ಆ ಹೊಸ ಹುಡುಗಿ ಸಿಕ್ಕಳೇನು?"

"ಇಲ್ಲ," ಎಂದರು ನಿಜಗುಣಪ್ಪ. "ಇನ್ನೂ ಓಡಾಕತ್ತಾಳ."