ನೀರಿನ ಕಲೆ ತೆಗೆಯುವ ಮದ್ದು

ಮಂಗಳವಾರ ಬೆಳಿಗ್ಗೆ ಠಾಣೆಗೆ ಬಂದ ತಾಯಿ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನನ್ನ ಚಿಕ್ಕ ಮಗ ಕಲ್ಲುಗುಂಡಿನ ಹಾಗಿದ್ದ ಸಾರ್. ನಿನ್ನೆ ಕಾರು ತೊಳೆಯೋಕೆ ಹೋದೋನು ಸಂಜೆ ಹೊತ್ತಿಗೆ ಆಸ್ಪತ್ರೇಲಿ ಹೋಗಿಬಿಟ್ಟ. ಏನಾಯ್ತು ಅಂತ ಯಾರೂ ಬಾಯಿ ಬಿಡ್ತಿಲ್ಲ. ನೀವಾದ್ರೂ ಕಂಡುಹಿಡೀರಿ."

ಇನ್‌ಸ್ಪೆಕ್ಟರ್ ಅಸಹಜ ಸಾವಿನ ಪ್ರಕರಣ ದಾಖಲಿಸಿಕೊಂಡು ಆಸ್ಪತ್ರೆಗೆ ಹೋದರು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯೆ ಶವದ ತೊಡೆ ತೋರಿಸಿದರು. ಚರ್ಮ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು.

"ಆಮ್ಲ ಬಿದ್ದಿದೆ. ಮೇಲೆ ಹೆಚ್ಚು ಕಾಣಲ್ಲ, ಒಳಗಿಳಿದು ಹೃದಯ ನಿಲ್ಲಿಸುತ್ತೆ. ಏನು ಬಿತ್ತು ಅಂತ ಡ್ಯೂಟಿ ಡಾಕ್ಟರಿಗೆ ಕೇಳಿ ಕೇಳಿ ಸಾಕಾಗಿತ್ತಂತೆ. ಜೊತೆಗೆ ಬಂದಿದ್ದ ಅಣ್ಣ ಸೋಪು ನೀರು ಅಂದನಂತೆ."

"ನಿಜ ಹೇಳಿದ್ರೆ ಉಳೀತಿದ್ನಾ?"

"ಔಷಧಿ ಇತ್ತು. ಕೊಡೋಕಾದ್ರೂ ಆಗ್ತಿತ್ತು."

ಕಾರು ತೊಳೆಯುವ ಅಂಗಡಿ ಆ ಅಣ್ಣನದೇ. ಅಲ್ಲಿ ಕರಿಯ ಕಾರೊಂದು ಅರ್ಧ ಕೆಲಸಕ್ಕೇ ನಿಂತಿತ್ತು. ಬಾನೆಟ್ಟಿನ ಒಂದು ಬದಿ ಫಳಫಳ ಹೊಳೆಯುತ್ತಿತ್ತು. ಇನ್ನೊಂದು ಬದಿಯ ತುಂಬ ಗಡಸು ನೀರು ಒಣಗಿ ಕಚ್ಚಿಕೊಂಡ ಬಿಳಿ ಕಲೆಗಳು. ಕಾನ್‌ಸ್ಟೇಬಲ್ ಉಗುರಿನಿಂದ ಕೆರೆದು ನೋಡಿದ.

"ಜಪ್ಪಯ್ಯ ಅಂದ್ರೂ ಹೋಗಲ್ಲ ಸಾರ್. ನನ್ನ ಬೈಕಿಗೂ ಇದೇ ರೋಗ."

"ಇದನ್ನ ಯಾವುದರಲ್ಲಿ ತೆಗೀತೀರಿ?" ಇನ್‌ಸ್ಪೆಕ್ಟರ್ ಅಣ್ಣನನ್ನು ಕೇಳಿದರು.

"ವಿನಿಗರ್ ಸಾರ್. ಆಮೇಲೆ ಪಾಲಿಶ್."

ತೊಟ್ಟಿಯ ಮೇಲಿನ ಕಿಟಕಿಯ ಗಾಜು ಮಂಜು ಕವಿದಂತೆ ಮಸುಕಾಗಿತ್ತು. ಒರೆಸಿದರೂ ತಿಳಿಯಾಗಲಿಲ್ಲ.

"ವಿನಿಗರ್ ಗಾಜು ತಿನ್ನುತ್ತಾ?"

ಅಣ್ಣನ ಕಣ್ಣು ಹಿತ್ತಲ ಕಡೆ ಹೊರಳಿತು. ಹಿತ್ತಲ ಮೋರಿಯ ಪಕ್ಕ, ಗೋಣಿಚೀಲದಡಿ, ಪ್ಲಾಸ್ಟಿಕ್ ಕ್ಯಾನೊಂದು ಸಿಕ್ಕಿತು. ಲೇಬಲ್ ಕೆರೆದು ತೆಗೆಯಲಾಗಿತ್ತು. ಪಂಚರ ಸಮಕ್ಷಮ ಪಂಚನಾಮೆ ಮಾಡಿ, ಸೀಲ್ ಹಾಕಿ, ಪ್ರಯೋಗಾಲಯಕ್ಕೆ ಕಳಿಸಲಾಯಿತು. ಅಂಗಡಿಯಲ್ಲಿದ್ದ ಬಿಲ್ಲು ಹಿಡಿದು ಹೋದಾಗ, ಅದನ್ನು ಮಾರಿದ ವ್ಯಾಪಾರಿ ಹೇಳಿಕೆ ಕೊಟ್ಟ: "ತಲೆಬುರುಡೆ ಚಿತ್ರ ಅಂಟಿಸಿಯೇ ಕೊಟ್ಟಿದ್ದು. ಕೈಗವಸು ಇಲ್ಲದೆ ಮುಟ್ಟಬೇಡ ಅಂತಲೂ ಹೇಳಿದ್ದೆ."

ಶುಕ್ರವಾರ ವರದಿ ಬಂತು: ಗಾಜನ್ನೂ ಕರಗಿಸುವ ಆಮ್ಲ. ಎಫ್‌ಐಆರ್ ಆಯಿತು. ತಾಯಿಗೆ ಏನು ಹೇಳುವುದೆಂದು ಇನ್‌ಸ್ಪೆಕ್ಟರ್‌ಗೆ ಅವರ ಮನೆಯ ದಾರಿಯುದ್ದಕ್ಕೂ ತೋಚಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಜೀಪು ಕಂಡದ್ದೇ ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದ.

ತಾಯಿ ಬಾಗಿಲಿಗೆ ಅಡ್ಡ ನಿಂತರು. "ದೂರು ವಾಪಸ್ ಕೊಡಿ ಸಾರ್. ಬರೆಸಿದ್ದು ನಾನೇ ತಾನೆ? ನಂಗೆ ಏನೂ ಗೊತ್ತಾಗೋದು ಬೇಡ."

"ಈಗದು ನನ್ನ ಕೈಲೂ ಇಲ್ಲಮ್ಮ."

ಠಾಣೆಯಲ್ಲಿ ಅಣ್ಣ ಯಾವುದನ್ನೂ ಅಲ್ಲಗಳೆಯಲಿಲ್ಲ.

"ಲೇಬಲ್ ಯಾಕೆ ಕಿತ್ತೆ?"

"ಇಂಥ ಮದ್ದು ತಂದ್ರೆ ಅಂಗಡಿ ಬಿಟ್ಟು ಹೋಗ್ತೀನಿ ಅಂದಿದ್ದ ತಮ್ಮ. ಅವನ ಹಾಗೆ ಕಲೆ ತೆಗೆಯೋರು ಯಾರೂ ಇಲ್ಲ ಸಾರ್. ಅವನಿಲ್ಲದೆ ನನಗೆ ಅಂಗಡಿ ಬಾಗಿಲು ತೆಗೆಯೋಕೂ ಮನಸ್ಸು ಬರ್ತಿರಲಿಲ್ಲ."

"ಡಾಕ್ಟರ್ ಕೇಳಿದಾಗಲಾದ್ರೂ ಹೇಳಬಹುದಿತ್ತಲ್ಲ?"

ಅಣ್ಣ ತಲೆ ಎತ್ತಲಿಲ್ಲ. "ತಮ್ಮ ಎಚ್ಚರವಾಗೇ ಇದ್ದ ಸಾರ್. ನನ್ನ ಕೈ ಹಿಡ್ಕೊಂಡು, ಏನದು ಅಣ್ಣ, ಅಂತ ಅವನೇ ಕೇಳ್ತಿದ್ದ. ಅವನೆದುರೇ ಹೇಗೆ ಹೇಳ್ಲಿ?"